ಗ್ರೊಟ್ಟೊದ ಮಾತೆಯ ಕಾಲಿನ ಕಾಗೆ ಬಂಗಾರ

ಬೆಳಕನ್ನು ಉಂಟುಮಾಡಿ, ಅದನ್ನು ಹಿಡಿದಿಟ್ಟುಕೊಳ್ಳುವ ವಿದ್ಯೆಯನ್ನು ಕಲ್ಲಿನ ಪುಡಿಗೂ ಕಲಿಸಿದ ದೇವರಿಗೆ ಮೊದಲ ವಂದನೆ. ಎರಡನೆಯದು ಅವನ ತಾಯಿಯ ಪಾದಗಳಿಗೆ. ಆ ಪಾದಗಳ ಕಥೆ ಮುಂದೆ ಬರುವುದರಿಂದ ಇಲ್ಲಿ ಮೆತ್ತಗೆ ಮುಟ್ಟಿ ಬಿಡುತ್ತೇನೆ.

ಮೈಕಾ ಪುಡಿ ಮನೆಯೊಳಗೆ ಬಂದ ಮೇಲೆ ಏನಾದರೊಂದು ಆಗುತ್ತಲೇ ಇರುತ್ತದೆ. ಕನ್ನಡದಲ್ಲಿ ಕಾಗೆ ಬಂಗಾರ ಅನ್ನುತ್ತಾರಲ್ಲ, ಆ ಅಭ್ರಕವನ್ನೇ ಹಿಟ್ಟಿಗಿಂತ ನುಣ್ಣಗೆ ಮಾಡಿ, ಬಣ್ಣ ಕೊಟ್ಟು, ಈಗ ಸಣ್ಣ ಡಬ್ಬಿಗಳಲ್ಲಿ ಮಾರುತ್ತಾರೆ. ಮೇಣದಲ್ಲಿ ಕಲಸಿದರೆ ಮೇಣದಬತ್ತಿ ಹೊಳೆಯುತ್ತದೆ, ರೆಸಿನ್ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಕಲಸಿದರೆ ಶಿಲುಬೆ ಹೊಳೆಯುತ್ತದೆ. ಎಚ್ಚರ ತಪ್ಪಿದರೆ ನಾವೇ ಹೊಳೆಯುತ್ತೇವೆ. ಮಂಗಳೂರಿನ ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದ ಮೇಲೆ, ಇಗರ್ಜಿಯ ಸೇಲ್‌ಗೆಂದು ನಾನು ಈ ಕೆಲಸ ಹಿಡಿದೆ. ಉರ್ವದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಓರೆಯಾಗಿ ಬಿದ್ದಾಗ ಗಾಳಿಯಲ್ಲಿ ಬಂಗಾರದ ಕಣಗಳು ತೇಲುತ್ತವೆ. ಕೈಯಲ್ಲಿ ಬ್ರಷ್ ಹಿಡಿದು ಸುಮ್ಮನೆ ನೋಡುತ್ತಾ ಕುಳಿತರೆ ಅದೇ ಒಂದು ಪ್ರಾರ್ಥನೆ.

ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಮಾತ್ರ ಇದು ಆಗುವುದಿಲ್ಲ. ಕೋಣೆಯ ಹೊಸ್ತಿಲಲ್ಲಿ ಅವರು ಒಂದು ಒದ್ದೆ ಗೋಣಿ ಹಾಸಿದ್ದಾರೆ. "ನಿನ್ನ ಬಂಗಾರ ಇದನ್ನು ದಾಟಬಾರದು. ಈ ಮನೆಯಲ್ಲಿ ಹೊಳೆಯದೆ ಇರುವವ ನಾನೊಬ್ಬನೇ, ಹಾಗೆಯೇ ಇರ್ತೇನೆ," ಎನ್ನುತ್ತಾರೆ.

ಅವರು ಹೊಳೆಯದೆ ಇರುವುದಕ್ಕೆ ಬೇರೆ ಕಾರಣ ಉಂಟು. ಅವರು ಗಲ್ಫಿನಲ್ಲಿದ್ದಾಗ ತಾಯಿ ತೀರಿಹೋದರು, ಮಣ್ಣಿಗೆ ಬರಲಿಕ್ಕೆ ರಜೆ ಸಿಗಲಿಲ್ಲ. ಊರಿಗೆ ಬಂದ ಮೇಲೆ ಆದಿತ್ಯವಾರ ಇಗರ್ಜಿಯ ಪೂಜೆಗೆ ಬಂದು ಬಾಗಿಲ ಹತ್ತಿರ ನಿಲ್ಲುತ್ತಾರೆ, ಅಷ್ಟೆ. ಸಂಜೆ ಮನೆಯಲ್ಲಿ ಜಪಸರ ಶುರುವಾದರೆ ಮೊಬೈಲ್ ಹಿಡಿದು ಜಗಲಿಗೆ ಹೋಗುತ್ತಾರೆ. ಕೇಳಿದರೆ, "ಮೊಣಕಾಲು ಬಗ್ಗುವುದಿಲ್ಲ ಮಾರಾಯ್ತಿ." ಅವರ ಮೊಣಕಾಲು ಒಮ್ಮೆ ಬಗ್ಗಲಿ ಎಂಬುದೊಂದೇ ನನ್ನ ಬೇಡಿಕೆಯಾಗಿತ್ತು. ಉಳಿದದ್ದೆಲ್ಲ ದೇವರು ಕೇಳದೆಯೇ ಕೊಟ್ಟಿದ್ದಾನೆ.

ಕಾಕನ ಗಡ್ಡ

ತೊಕ್ಕೊಟ್ಟಿನಲ್ಲಿ ನನ್ನ ಮಗಳ ಮನೆ. ಅಲ್ಲಿಗೆ ಹೋದಾಗಲೆಲ್ಲ ಜಂಕ್ಷನ್ನಿನ ಒಬ್ಬ ಬ್ಯಾರಿ ಕಾಕನ ಅಂಗಡಿಯಲ್ಲಿ ಪುಡಿ ತರುತ್ತೇನೆ. ಬಿಳಿ ಗಡ್ಡ, ಬಿಳಿ ಅಂಗಿ, ಮಾತು ಮೆದು. ಮೊದಲ ಸಲ ಹೋದ ದಿನ ಶುಕ್ರವಾರ.

"ಬಂಗಾರದ ಬಣ್ಣ ಒಳ್ಳೆಯದು ಉಂಟಾ ಕಾಕ?"

"ಉಂಟು ಬಾಯಮ್ಮ. ನೋಡಿಯೇ ತೆಗೊಳ್ಳಿ," ಎಂದು ಡಬ್ಬಿಯ ಮುಚ್ಚಳ ತೆಗೆದರು. ಮೇಲೆ ಫ್ಯಾನ್ ತಿರುಗುತ್ತಿತ್ತು.

ಆ ಕ್ಷಣ ನಾನು ಮರೆಯುವುದಿಲ್ಲ. ಡಬ್ಬಿಯಿಂದ ಒಂದು ಸಣ್ಣ ಮೋಡ ಎದ್ದು, ಅಂಗಡಿಯ ತುಂಬ ನಿಧಾನವಾಗಿ ಹರಡಿ, ಬಾಗಿಲ ಬಿಸಿಲಲ್ಲಿ ಝಗ್ಗೆಂದಿತು. ಸ್ವರ್ಗದ ಬಾಗಿಲು ತೆರೆಯುವುದು ಹೀಗೆಯೇ ಇರಬೇಕು ಅನ್ನಿಸಿತು. ಕಾಕನೂ ಬಾಯಿ ತೆರೆದು ನಿಂತಿದ್ದರು. ಮೋಡ ಇಳಿದ ಮೇಲೆ ನೋಡಿದರೆ ಅವರ ಗಡ್ಡ ಪೂರಾ ಬಂಗಾರ. ಅಷ್ಟರಲ್ಲಿ ಮಸೀದಿಯಿಂದ ಕರೆ ಬಂತು. ಅವರು ಒಮ್ಮೆ ಕನ್ನಡಿ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಓಡಿದರು.

ಮುಂದಿನ ಸಲ ಹೋದಾಗ ಹೆದರಿಕೊಂಡೇ ಕೇಳಿದೆ. "ಆ ದಿನ ಎಂತ ಆಯಿತು ಕಾಕ?"

"ಎಂತ ಹೇಳುವುದು ಬಾಯಮ್ಮ! ನೀರಿನಲ್ಲಿ ತೊಳೆದಷ್ಟೂ ಹೊಳಪು ಜಾಸ್ತಿ. ಸಾಲಿನಲ್ಲಿ ನಿಂತರೆ ಪಕ್ಕದವರು ಮದುಮಗನಿಗೆ ಜಾಗ ಬಿಡಿ ಅಂತ ಸರಿದರು. ಅದು ಹೋಗಲಿ. ಮನೆಗೆ ಹೋದರೆ ನನ್ನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, ಹೊಸಬಳು ಯಾರು ಅಂತ ಕೇಳಿದಳು."

ಹೊಳೆಯುವ ರೋಗ

ಒಂದು ದಿನ ಬಿ.ಪಿ. ತೋರಿಸಲಿಕ್ಕೆ ನನ್ನ ಹಳೆಯ ಆಸ್ಪತ್ರೆಗೆ ಹೋದೆ. ಹೊಸ ಡಾಕ್ಟರು, ಎಳೆಯ ಮುಖ, ಬೆನ್ನ ಹಿಂದೆ ವಿದ್ಯಾರ್ಥಿಗಳ ಗುಂಪು. ನನ್ನ ಕೈ ಹಿಡಿದವರು ಹಾಗೆಯೇ ನಿಂತರು. ಅಂಗೈ ಗೆರೆಗಳಲ್ಲೆಲ್ಲ ನೀಲಿ ಹೊಳಪು. ಹಿಂದಿನ ದಿನ ನೀಲಿ ಪುಡಿಯಲ್ಲಿ ಮೇಣದಬತ್ತಿ ಮಾಡಿದ್ದೆ.

"ಅಮ್ಮಾ, ಇದು ಎಷ್ಟು ದಿನದಿಂದ ಉಂಟು?"

ಹೇಳಲಿಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವರು ವಿದ್ಯಾರ್ಥಿಗಳ ಕಡೆ ತಿರುಗಿ ಪಾಠ ಶುರುಮಾಡಿದರು. ಡಾಕ್ಟರು ಮಾತಾಡುವಾಗ ನರ್ಸ್ ನಡುವೆ ಬಾಯಿ ಹಾಕಬಾರದು. ನಿವೃತ್ತಿಯಾದರೂ ನಾಲಗೆಗೆ ಅದು ನೆನಪುಂಟು. ಒಬ್ಬೊಬ್ಬರಾಗಿ ಬಂದು ನನ್ನ ಅಂಗೈಯನ್ನು ಟಾರ್ಚಿನ ಬೆಳಕಲ್ಲಿ ನೋಡಿದರು. ನಾನು ಮಂಚದಲ್ಲಿ ಮಲಗಿ, ಮೇಲೆ ಮಾಡಿನಲ್ಲಿ ಕುಣಿಯುವ ನೀಲಿ ಮಿಣುಕುಗಳನ್ನು ನೋಡುತ್ತಾ, ಸಮುದ್ರದ ಅಡಿಯಲ್ಲಿ ಮಲಗಿದಂತೆ ಸುಖವಾಗಿದ್ದೆ.

ಡಾಕ್ಟರು ಯೋಚನೆ ಮಾಡುತ್ತಾ ಮೂಗು ಉಜ್ಜಿಕೊಂಡರು. ಮೂಗು ನೀಲಿಯಾಗಿ ಹೊಳೆಯಿತು.

ಹಿಂದಿನಿಂದ ಒಬ್ಬಳು ಪಿಸುಗುಟ್ಟಿದಳು. "ಅಯ್ಯೋ, ಹರಡ್ತದೆ!"

ವಿದ್ಯಾರ್ಥಿಗಳೆಲ್ಲ ಗೋಡೆಗೆ ಅಂಟಿ ನಿಂತರು. ಆಗ ನಾನು ಎದ್ದು ಕುಳಿತು ನಿಜ ಹೇಳಿದೆ. ಪಾಪ, ಡಾಕ್ಟರು ಒಳ್ಳೆಯವರು, ನಕ್ಕುಬಿಟ್ಟರು. ನನ್ನ ಬಿ.ಪಿ. ಸರಿಯಾಗಿಯೇ ಇತ್ತು. ಅವರದ್ದು ಸ್ವಲ್ಪ ಏರಿತ್ತಂತೆ.

ಒಣಗದ ಗುಲಾಬಿ

ನಮ್ಮ ವಾಳೆಯಲ್ಲಿ, ಅಂದರೆ ನಮ್ಮ ಇಗರ್ಜಿಯ ವಾರ್ಡಿನಲ್ಲಿ, ದಾರಿ ತಿರುಗುವಲ್ಲಿ ಒಂದು ಗ್ರೊಟ್ಟೊ ಉಂಟು. ಕಲ್ಲಿನ ಗವಿಯೊಳಗೆ ಮರಿಯಮ್ಮನ ಪ್ರತಿಮೆ, ಎರಡು ಪಾದಗಳ ಮೇಲೂ ಒಂದೊಂದು ಬಂಗಾರದ ಗುಲಾಬಿ. ಹೋಗಿ ಬರುವವರೆಲ್ಲ ಆ ಪಾದ ಮುಟ್ಟಿ, ಬೆರಳನ್ನು ತುಟಿಗೂ ಹಣೆಗೂ ತಗಲಿಸಿಕೊಳ್ಳುವುದು ವಾಡಿಕೆ. ನಮ್ಮ ಅತ್ತೆ, ನಮ್ಮವರ ತಾಯಿ, ಬದುಕಿದ್ದಷ್ಟು ಕಾಲ ದಿನಾ ಬೆಳಿಗ್ಗೆ ಅಲ್ಲಿ ಹೂ ಇಡುತ್ತಿದ್ದರು.

ಈ ವರ್ಷ ಮೊಂತಿ ಹಬ್ಬದ, ಅಂದರೆ ಮಾತೆಯ ಹುಟ್ಟುಹಬ್ಬದ, ಮೊದಲು ಪ್ರತಿಮೆಗೆ ಹೊಸ ಬಣ್ಣ ಆಗಬೇಕೆಂದು ಫಾದರ್ ಹೇಳಿದರು. ವಾಳೆಯ ಮುಖಂಡರಾದ ಗುರ್ಕಾರರು ನೇರ ನಮ್ಮ ಮನೆಗೇ ಬಂದರು. "ಬಾಯಮ್ಮ, ನಿಮ್ಮ ಆ ಮಿಂಚುವ ಪುಡಿ ಹಾಕಿ."

ಸೊಂಟದ ಪಟ್ಟಿಗೆ ನೀಲಿ ಪುಡಿಯನ್ನು ಬಣ್ಣದಲ್ಲಿಯೇ ಕಲಸಿ ಹಚ್ಚಿದೆ, ಅದು ಚೆನ್ನಾಗಿ ಕೂತಿತು. ಗುಲಾಬಿಗಳ ವಿಷಯದಲ್ಲಿ ಮಾತ್ರ ನನಗೆ ಆಸೆ ಹೆಚ್ಚಾಯಿತು. ಒಣ ಬಂಗಾರದ ಪುಡಿಯನ್ನೇ ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿದೆ, ಡಬ್ಬಿ ಖಾಲಿಯಾಗುವ ತನಕ. ಹೀಗೆ ಉಜ್ಜಿದ ಮೇಲೆ ವಾರ್ನಿಶ್ ಹಾಕಿ ಮುಚ್ಚಬೇಕು, ಇಲ್ಲದಿದ್ದರೆ ಮುಟ್ಟಿದವರ ಕೈಗೆ ಬರುತ್ತದೆ. ಆದರೆ ಸೆಪ್ಟೆಂಬರಿನ ಮಂಗಳೂರು! ಗೋಡೆಯೇ ಬೆವರುವ ಕಾಲ. ಒಂದು ಮೂಲೆಗೆ ವಾರ್ನಿಶ್ ಹಚ್ಚಿ ನೋಡಿದರೆ ಮರುದಿನವೂ ಹಲಸಿನ ಮೇಣದ ಹಾಗೆ ಅಂಟು. ಅದರಲ್ಲಿ ಒಂದು ಇರುವೆ ನಿಂತಲ್ಲೇ ನಿಂತಿತ್ತು.

ಫಾದರ್ ಬಗ್ಗಿ ನೋಡಿದರು. "ಬಿಸಿಲು ಬರುವವರೆಗೆ ಹಾಗೆಯೇ ಇರಲಿ. ಇಲ್ಲದಿದ್ದರೆ ಹಬ್ಬಕ್ಕೆ ಭಕ್ತರೂ ಅಂಟಿಕೊಳ್ತಾರೆ."

ಬಂಗಾರದ ಆದಿತ್ಯವಾರ

ಮರುದಿನದಿಂದ ವಾಳೆಯಲ್ಲಿ ಯಾರು ಪ್ರಾರ್ಥನೆ ಮಾಡಿದರು, ಯಾರು ಮಾಡಲಿಲ್ಲ ಎಂಬುದು ಮುಖದಲ್ಲೇ ಕಾಣಲಿಕ್ಕೆ ಶುರುವಾಯಿತು.

ನಮ್ಮ ಓಣಿಯಲ್ಲಿ ಇಬ್ಬರು ಓರಗಿತ್ತಿಯರು. ಹಲಸಿನ ಎಲೆ ಯಾರ ಅಂಗಳಕ್ಕೆ ಬೀಳಬೇಕು ಎಂಬ ವಿಷಯದಲ್ಲಿ ಮಾತು ಬಿಟ್ಟವರು. ಉರ್ವ ಮಾರ್ಕೆಟಿನಲ್ಲಿ ಬಸಳೆ ಕಟ್ಟಿಗೆ ಇಬ್ಬರೂ ಒಟ್ಟಿಗೆ ಕೈ ಹಾಕಿದರು. ತಲೆ ಎತ್ತಿದರೆ ಎದುರು ಬದುರು ಎರಡು ಬಂಗಾರದ ಹಣೆ. ನಾನು ಪಕ್ಕದಲ್ಲೇ ಬೆಂಡೆಕಾಯಿ ಆರಿಸುತ್ತಿದ್ದೆ.

"ನೀವೂ ಹೋಗಿದ್ರಾ?" ಎಂದರು ಹಿರಿಯವರು, ಕಟ್ಟು ಬಿಡದೆ.

"ಹೌದಕ್ಕ. ನೀವು ಎಂತ ಕೇಳಿದ್ದು?"

"ನಿಮಗೆ ಒಳ್ಳೆ ಬುದ್ಧಿ ಕೊಡ್ಲಿ ಅಂತ."

"ನಾನೂ ಅದನ್ನೇ ಕೇಳಿದ್ದು. ನಿಮಗೆ."

ಇಬ್ಬರೂ ಒಬ್ಬರ ಹಣೆಯನ್ನೊಬ್ಬರು ನೋಡಿದರು. ಮತ್ತೆ ಇಬ್ಬರಿಗೂ ನಗು ತಡೆಯಲಿಕ್ಕಾಗಲಿಲ್ಲ. ಮಾತೆ ಎರಡೂ ಪ್ರಾರ್ಥನೆ ಕೇಳಿದಳು ಎಂದೇ ನನ್ನ ನಂಬಿಕೆ. ಯಾಕೆಂದರೆ ಮರುಕ್ಷಣವೇ ಇಬ್ಬರೂ ಒಂದಾಗಿ ಬಸಳೆ ಮಾರುವವಳ ಮೇಲೆ ಬಿದ್ದರು.

ಆದಿತ್ಯವಾರ ಪೂಜೆಯಲ್ಲಿ ಫಾದರ್ ಪ್ರಸಂಗಕ್ಕೆ ನಿಂತು ಕೆಳಗೆ ನೋಡಿದರು. ಸಾಲು ಸಾಲು ಹಣೆಗಳು ಕಿಟಕಿಯ ಬೆಳಕಿಗೆ ಮಿನುಗುತ್ತಿದ್ದವು, ಸಂಜೆಯ ಸಮುದ್ರ ಒಳಗೆ ಬಂದು ಬೆಂಚುಗಳ ಮೇಲೆ ಕುಳಿತ ಹಾಗೆ. ಅವರು ಹೇಳಬೇಕೆಂದಿದ್ದನ್ನು ಮರೆತರು.

"ಹಣೆಗೆ ಬೂದಿ ಹಚ್ಚುವ ಬೂದಿ ಬುಧವಾರ ಗೊತ್ತುಂಟು," ಎಂದರು ಕೊನೆಗೆ. "ಬಂಗಾರದ ಆದಿತ್ಯವಾರ ನಾನು ಯಾವ ಕ್ಯಾಲೆಂಡರಿನಲ್ಲೂ ನೋಡ್ಲಿಲ್ಲ."

ನಾನು ಮೆಲ್ಲ ಹಿಂದೆ ತಿರುಗಿದೆ. ಬಾಗಿಲ ಹತ್ತಿರ ನಮ್ಮವರು ನಿಂತಿದ್ದರು. ಹಣೆ ತೊಳೆದಿಟ್ಟ ಬಟ್ಟಲಿನ ಹಾಗೆ ಸ್ವಚ್ಛ. ಎಲ್ಲರೂ ನಗುತ್ತಿದ್ದರು, ನನಗೆ ಮಾತ್ರ ಕಣ್ಣು ತುಂಬಿತು.

ವಾಕಿಂಗ್ ಹೋದ ಮೀಸೆ

ಮೊಂತಿ ಹಬ್ಬದ ಬೆಳಿಗ್ಗೆ ಮಳೆ ಹಿಡಿದಿತ್ತು. ಎದ್ದು ನೋಡಿದರೆ ನಮ್ಮವರಿಲ್ಲ, ಕೊಡೆಯೂ ಇಲ್ಲ. ನಾನು ಚಾ ಇಡುವಷ್ಟರಲ್ಲಿ ಗೇಟಿನ ಸದ್ದಾಯಿತು. ಮೋಡ ಸರಿದು ಎಳೆಬಿಸಿಲು ಅಂಗಳಕ್ಕೆ ಇಳಿದ ಹೊತ್ತು, ಅವರೂ ಅದರೊಟ್ಟಿಗೆ ಬಂದರು.

"ಎಲ್ಲಿಗೆ ಹೋಗಿದ್ರಿ?"

"ವಾಕಿಂಗ್."

ನಾನು ನೋಡುತ್ತಲೇ ನಿಂತೆ. ಅವರ ಬಿಳಿ ಮೀಸೆ, ಈ ತುದಿಯಿಂದ ಆ ತುದಿಯವರೆಗೆ, ಬಂಗಾರ. ಬೆರಳಿನಿಂದ ಮುಟ್ಟಿದ್ದಲ್ಲ. ಬಗ್ಗಿ, ಮುಖವನ್ನೇ ಪಾದದ ಮೇಲೆ ಇಟ್ಟದ್ದು.

"ಮೀಸೆಯಲ್ಲಿ ಎಂತ ಉಂಟು?" ಎಂದೆ.

"ಎಂತ ಉಂಟು? ನಿನ್ನ ಪುಡಿಯೇ. ಗಾಳಿಗೆ ಹಾರಿ ಬಂದದ್ದು."

"ನನ್ನ ಕೋಣೆಯಲ್ಲಿ ಈಗ ಇರುವುದು ನೀಲಿ ಮಾತ್ರ. ಬಂಗಾರದ್ದು ಗುಲಾಬಿಗೇ ಮುಗಿಯಿತು."

ಅವರು ಕೊಡೆಯನ್ನು ಮೂಲೆಗೆ ಒರಗಿಸಿದರು. ಕೆಳಗೆ ನೋಡಿದೆ. ಪ್ಯಾಂಟಿನ ಎರಡೂ ಮೊಣಕಾಲಲ್ಲಿ ಗ್ರೊಟ್ಟೊದ ಕೆಂಪು ಮಣ್ಣು.

"ಮೊಣಕಾಲು ಬಗ್ಗುವುದಿಲ್ಲ ಅಂತ ಹೇಳ್ತಿದ್ರಿ."

"ಜಾರಿದ್ದು," ಎಂದು ಸ್ನಾನಕ್ಕೆ ಹೋದರು.

ತೊಳೆದದ್ದರ ಫಲ ಬ್ಯಾರಿ ಕಾಕ ಮೊದಲೇ ಹೇಳಿದ್ದರು. ಮಧ್ಯಾಹ್ನ ಮಗಳೂ ಅಳಿಯನೂ ಬಂದಾಗ ಮೀಸೆ ಇನ್ನೂ ಮಿಂಚುತ್ತಿತ್ತು. ನಮ್ಮಲ್ಲಿ ಆ ದಿನ ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ಹೊಸ ಭತ್ತದ ಕದಿರು ತಂದು, ಅದರ ಕಾಳನ್ನು ಪುಡಿಮಾಡಿ ಹಾಲಿಗೆ ಹಾಕಿ, ಮನೆಯ ಯಜಮಾನ ಪ್ರಾರ್ಥನೆ ಹೇಳಿ ಎಲ್ಲರಿಗೂ ಕೊಡುವುದು ಕ್ರಮ. ಅವರು ಒಲ್ಲೆ ಅಂದಂದಿನಿಂದ ಅದನ್ನು ನಾನೇ ಮಾಡುತ್ತಿದ್ದೆ. ಈ ಸಲವೂ ಬಟ್ಟಲಿಗೆ ಕೈ ಚಾಚಿದೆ. ಬಟ್ಟಲು ಅದಾಗಲೇ ಅವರ ಕೈಯಲ್ಲಿತ್ತು.

ಅವರು ಮೊಣಕಾಲೂರಿದರು. ಮೊದಲು ತಾಯಿಯ ಹೆಸರು ಹೇಳಿದರು. ಆ ಹೆಸರಿಗೆ ಮೀಸೆ ನಡುಗುತ್ತಾ ಮಿನುಗಿತು. ಮತ್ತೆ ಉಳಿದವರ ಹೆಸರು, ಆಮೆನ್. ಎಲ್ಲರಿಗೂ ಒಂದೊಂದು ಚಮಚ ಹಾಲು ಕೊಟ್ಟರು.

ಮಗಳು ತಡೆಯಲಾರದೆ ಕೇಳಿದಳು. "ಪಪ್ಪಾ, ಮೀಸೆಗೆ ಎಂತ ಹಚ್ಚಿದ್ದು?"

ಹಾಲು ನೆತ್ತಿಗೇರಿ ಅಳಿಯ ಕೆಮ್ಮಿದ. ನಾನು ಸೆರಗಿನಲ್ಲಿ ಮುಖ ಮುಚ್ಚಿದೆ, ಅಳುವೋ ನಗುವೋ ನನಗೇ ತಿಳಿಯಲಿಲ್ಲ. ನಮ್ಮವರು ನಿಧಾನ ಎದ್ದು, ಬಟ್ಟಲು ಕೆಳಗಿಟ್ಟು, ನನ್ನ ಕಡೆ ತಿರುಗಿದರು.

"ಬಿಸಿಲು ಬಂದ ಕೂಡಲೇ ಆ ಗುಲಾಬಿಗೆ ವಾರ್ನಿಶ್ ಹಾಕು ಮಾರಾಯ್ತಿ. ಮನುಷ್ಯ ಮಾತೆಯ ಹತ್ತಿರ ಒಂದು ಗುಟ್ಟು ಹೇಳಿದರೆ, ಅವಳು ಅದನ್ನು ಅವನ ಮೀಸೆಯಲ್ಲೇ ಬರೆದು ಕಳಿಸ್ತಾಳೆ!"

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ದೇವರು ಒಳ್ಳೆಯದು ಮಾಡಲಿ. ನಿಮ್ಮ ಮೊಣಕಾಲುಗಳಿಗೆ ಬಲ ಇರಲಿ, ಮುನಿಸುಗಳಿಗೆ ಆಯುಸ್ಸು ಇಲ್ಲದಿರಲಿ. ನಿಮ್ಮ ಮನೆಯವರ ಹಣೆಯ ಮೇಲೆ ಅವನು ಒಂದೊಂದು ಚಿಟಿಕೆ ಹೊಳಪು ಇಡಲಿ, ಎಷ್ಟು ತೊಳೆದರೂ ಹೋಗದಂಥದ್ದು.