ಹೆಂಡತಿ ತವರಿನಾಗ ಬಡತನ ಹುಡುಕಿದ್ದು

ಬಡತನ ಅಂದ್ರ ಏನು ಅನ್ನೋದು ನನಗ ಪೂರ್ತಿ ಗೊತ್ತಿತ್ತು. ಹಾನಗಲ್ಲಿನ ಕಾಲೇಜಿನಾಗ ಅರ್ಥಶಾಸ್ತ್ರ ಕಲಿಸ್ತಿದ್ದೆ, ವರ್ಷಾ ವರ್ಷಾ ಅದನ್ನ ಹುಡುಗರಿಗೆ ಬೋರ್ಡಿನ ಮ್ಯಾಲೆ ಬಿಡಿಸಿ ತೋರಿಸ್ತಿದ್ದೆ. ಎಂಬತ್ತರ ಇಸ್ವಿ ಸುಮಾರಿಗೆ ಪಿಎಚ್.ಡಿ. ಮಾಡೋ ಹುಕಿ ಬಂತು. 'ಕಲ್ಯಾಣ ರಾಜ್ಯ ಮತ್ತು ಗ್ರಾಮೀಣ ಅಸಮಾನತೆ' ಅಂತ ವಿಷಯ ಇಟಗೊಂಡೆ. ಯುರೋಪಿನ ದೇಶದೊಳಗ ಮುದುಕರನ್ನ ಸರಕಾರನ ಸಾಕತೈತಿ ಅನ್ನೋದನ್ನ ಮೊದಲನೇ ಅಧ್ಯಾಯದಾಗ ಎಷ್ಟು ಚಂದ ಬರದಿದ್ದೆ ಅಂದ್ರ, ಧಾರವಾಡದ ನನ್ನ ಗುರುಗಳು ಓದಿ, "ಅಲ್ಲೇ ಹೋಗಿ ಮುದುಕ ಆಗಬೇಕು ಅನಸ್ತದ ನೋಡ್ರಿ" ಅಂದ್ರು.

ಎರಡನೇ ಅಧ್ಯಾಯಕ್ಕ ಒಂದು ಹಳ್ಳಿ ಬೇಕಾಗಿತ್ತು. ಮನಿ ಮನಿಗೆ ಹೋಗಿ ಯಾರು ಏನು ಉಣ್ತಾರ, ಎದರ ಮ್ಯಾಲೆ ಕೂಡತಾರ ಅಂತ ಕಣ್ಣಾರೆ ನೋಡಿ ಬರೀಬೇಕು. ನಾ ಮಾಸೂರ ಕಡೆ ಇರೋ ನನ್ನ ಹೆಂಡತಿ ಶಾರದಾನ ತವರೂರು ಆರಿಸಿದೆ. ವಸತಿ ಪುಗಸಟ್ಟೆ, ಊಟ ಪುಗಸಟ್ಟೆ, ಎಲ್ಲಾರೂ ಗುರುತಿನವರು.

"ಬ್ಯಾರೆ ಊರು ನೋಡ್ರಿ," ಅಂದ್ಲು ಶಾರದಾ. "ಅಳಿಯಾ ಆಗಿ ಹೋದವರಿಗೆ ಯಾರ ಮನ್ಯಾಗ ಏನೈತಿ, ಏನಿಲ್ಲ ಗೊತ್ತಾಗಂಗಿಲ್ರಿ."

"ನಾ ಅಳಿಯಾ ಆಗಿ ಹೊಂಟಿಲ್ಲ, ಸಂಶೋಧಕ ಆಗಿ ಹೊಂಟೇನಿ," ಅಂದೆ. ಆಕಿ ಚೀಲದಾಗ ಇಸ್ತ್ರಿ ಮಾಡಿದ ಧೋತರ ಇಟ್ಲು.

ಊರಾಗ ಇಳಕೊಂಡದ್ದು ಗಂಗತ್ತಿ ಮನ್ಯಾಗ. ಗಂಗತ್ತಿ ಅಂದ್ರ ಶಾರದಾನ ಅಪ್ಪನ ಅಕ್ಕ. ಗಂಡ ಇಲ್ಲ, ಮಕ್ಕಳಿಲ್ಲ. ತಾಯಿ ಸತ್ತ ಶಾರದಾನ್ನ ಎತ್ತಿ ಆಡಿಸಿ ದೊಡ್ಡಾಕಿ ಮಾಡಿದವಳು ಈಕಿನ. ಕೆರಿ ಕೆಳಗಿನ ಗದ್ದ್ಯಾಗ ಕಳೆ ಕಿತ್ತು ಕಿತ್ತು ನಡ ಬಿದ್ದ ಮ್ಯಾಲೆ, ಸರಕಾರದ ಮುದುಕರ ಪಗಾರದ ಮ್ಯಾಲೆ ಆಕಿ ಒಲಿ ಉರೀತಿತ್ತು.

ಮರುದಿನ ಸಂಶೋಧನೆ ಶುರು ಆತು. ಓಣಿಯ ಮೊದಲನೇ ಮನ್ಯಾಗ ಕುರ್ಚಿ ಹಾಕಿದ್ರು. ಗೋದಿ ಹುಗ್ಗಿ, ಮ್ಯಾಲೆ ತುಪ್ಪ, ಕಪ್ಪು ಬಶಿಯೊಳಗ ಚಾ. ಎರಡನೇ ಮನ್ಯಾಗೂ ಕುರ್ಚಿ, ಹುಗ್ಗಿ, ತುಪ್ಪ, ಕಪ್ಪು ಬಶಿ. ಮೂರನೇ ಮನ್ಯಾಗೂ ಅದ. ಕುರ್ಚಿಯ ಎಡಗೈ ಮುರದು ತಂತಿ ಸುತ್ತಿತ್ತು. ಮೂರೂ ಮನಿ ಕುರ್ಚಿಗೆ ಎಡಗೈಗೇ ತಂತಿ! 'ಈ ಭಾಗದ ಕುರ್ಚಿಗಳ ಎಡಗೈ ಬೇಗ ಮುರಿಯುತ್ತದೆ' ಅಂತ ಶ್ರದ್ಧಾದಿಂದ ಬರಕೊಂಡೆ. ಅರ್ಥಶಾಸ್ತ್ರದ ಕಣ್ಣಿಗೆ ಏನೂ ತಪ್ಪಂಗಿಲ್ಲ.

"ದಿನಾ ಹಿಂಗ ಉಣ್ತೀರೇನು?" ಅಂತ ಆ ಮನಿ ಹೆಣ್ಣುಮಗಳನ್ನ ಕೇಳಿದೆ.

"ಹೂಂನ್ರಿ ಅಳಿಯಂದ್ರ. ಯಾಕ, ನಿಮ್ಮ ಊರಾಗ ಉಣ್ಣಂಗಿಲ್ಲೇನ್ರಿ?" ಅಂದು ಆಕಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನೂ ನಕ್ಕು ಇನ್ನೊಂದು ಸವುಟು ಹಾಕಿಸಿಕೊಂಡೆ.

ಗಂಗತ್ತಿ ಮನ್ಯಾಗೂ ಎರಡೂ ಹೊತ್ತು ತುಪ್ಪ. ಹಂಗಾಗಿ ಎರಡನೇ ಅಧ್ಯಾಯದ ಕೊನಿಗೆ, 'ಈ ಓಣಿಯಲ್ಲಿ ಅಸಮಾನತೆಯು ಸಂಪೂರ್ಣ ಅಳಿದಿದ್ದು, ಸರಕಾರದ ನೆರವಿನ ಅಗತ್ಯ ಕಂಡುಬರುವುದಿಲ್ಲ' ಅಂತ ಬರದೆ. ಅದನ್ನ ಅಧಿಕಾರಿಗಳ ಒಂದು ಸಭೆಯೊಳಗ ಓದಿದೆ. ಒಬ್ಬ ಸಾಹೇಬರು ಎದ್ದು ಬಂದು ಕೈ ಕುಲಕಿ ಒಂದು ಪ್ರತಿ ಕೇಳಿದ್ರು. ಹಲ್ಲು ಕಿಸದು ಕೊಟ್ಟೆ.

ಮುಂದ ಪಂಚಮಿಗೆ ತವರಿಗೆ ಹೋದ ಶಾರದಾ, ಹಬ್ಬ ಉಣ್ಣದ ಹೊಳ್ಳಿ ಬಂದ್ಲು. ಬಾಗಲದಾಗ ನಿಂತು ಅಂದ್ಲು, "ಅತ್ತಿ ಪಗಾರ ನಿಂತೈತ್ರಿ. ಓಣ್ಯಾಗ ಯಾವ ಮುದುಕಿಗೂ ಬರವಲ್ದು. ತುಪ್ಪಾ ಉಣ್ಣೋರಿಗೆ ಪಗಾರ ಯಾಕ ಅಂತಾರಂತ. ನೀವ ಬರದೀರಂತ."

"ತುಪ್ಪ ಇತ್ತಲ್ಲ ಮತ್ತ?"

"ಗೌಡ್ರ ಮನಿಯಿಂದ ಕಡಾ ತಂದದ್ದು. ಓಣಿಗೆಲ್ಲಾ ಅದ ಒಂದು ಗಿಂಡಿ. ಕುರ್ಚಿ ಸಾಲಿ ಮಾಸ್ತರಂದು. ನೀವು ಕೈ ತೊಳಿಯೋದ್ರಾಗ ಹಿತ್ತಲಿಂದ ಮುಂದಿನ ಮನಿಗೆ ಹೋಗತಿತ್ತು. ಊರ ಅಳಿಯಾಗ ಒಣಾ ರೊಟ್ಟಿ ಇಡತಾರೇನ್ರಿ? ಅತ್ತಿ ಆ ತುಪ್ಪಕ್ಕ ಗೌಡ್ರ ಅಂಗಳಾ ಸಾರಿಸಿಕೊಟ್ಟು ಬಂದಾಳ. ಬಿದ್ದ ನಡಾ ಇಟಗೊಂಡು."

ಮರುದಿನನ ಸಾಹೇಬರ ಕಡೆ ಓಡಿದೆ. ಅವರು ಭಾಳ ಮರ್ಯಾದಿಲೆ ಕುಂದರಿಸಿದ್ರು. "ಏನೂ ತ್ರಾಸಿಲ್ರಿ. 'ನನ್ನ ಸಂಶೋಧನೆ ತಪ್ಪೈತಿ' ಅಂತ ಬರದು ಸಹಿ ಮಾಡಿ ಕೊಡ್ರಿ, ಪಗಾರ ಚಾಲೂ ಮಾಡಸ್ತೇನಿ. ಒಂದು ಪ್ರತಿ ಧಾರವಾಡಕ್ಕೂ ಕಳಸಬೇಕಾಗತೈತಿ, ಅಷ್ಟ."

ಮುಂದಿನ ತಿಂಗಳ ನಾ ಧಾರವಾಡಕ್ಕ ಪ್ರಬಂಧ ಒಪ್ಪಿಸೋದಿತ್ತು. "ವಿಚಾರ ಮಾಡಿ ಬರ್ತೇನಿ," ಅಂದು ಎದ್ದು ಬಂದೆ.

"ಸಹಿ ಮಾಡಿದ್ರೇನು?" ಅಂತ ಕೇಳಿದ್ಲು ಶಾರದಾ.

"ಅದಕಿಂತ ಚಲೋ ಹಾದಿ ಐತಿ. ಅತ್ತಿನ್ನ ನಮ್ಮ ಮನಿಗೆ ಕರಕೊಂಡು ಬರೂಣು. ಸಾಯೋತನಕ ನಾವ ನೋಡಕೊಳ್ಳೂಣು." ಇಷ್ಟು ಉದಾರ ಮಾತು ಆಡಿದ್ದಕ್ಕ ನನಗ ನನ್ನ ಮ್ಯಾಲೇ ಗೌರವ ಬಂತು.

"ಓಣ್ಯಾಗ ಉಳಿದ ಮುದುಕ್ಯಾರನ್ನ?"

"ಮನಿ ಸಣ್ಣದೈತಿ," ಅಂದೆ.

ಗಂಗತ್ತಿ ಬಂದ್ಲು. ಬಂದ ದಿನನ ಮುಸುರಿ ತಿಕ್ಕಾಕ ಕುಂತ್ಲು. ಅಂಗಳಾ ಬಳದ್ಲು, ಅರಬಿ ಒಗದ್ಲು. "ಬ್ಯಾಡ ಅತ್ತಿ, ನೀವು ಕುಂದರ್ರಿ," ಅಂತ ಕೈ ಮುಗದೆ.

"ಹೆಣ್ಣು ಕೊಟ್ಟ ಮನ್ಯಾಗ ಸುಮ್ಮನ ಕುಂತು ಉಣಬಾರದ್ರಿ ಅಳಿಯಂದ್ರ," ಅಂದ್ಲು. "ಸರಕಾರದ್ದು ತಿನ್ನಾಕ ನಾಚಿಕಿ ಇರಲಿಲ್ಲ. ಅದು ಊರಿಗೆಲ್ಲಾ ಕೊಡತಿದ್ದದ್ದು. ಇದು ನಿಮ್ಮ ಗಳಿಕಿ."

ಒಂದು ದಿನ ಬಾಜೂ ಮನಿಯವರು ಶಾರದಾಗ, "ಕೆಲಸಕ್ಕ ಚಲೋ ಮುದುಕಿ ಸಿಕ್ಕಾಳ ನಿಮಗ. ನಮ್ಮ ಮನಿಗೂ ಒಂದೀಟು ಕಳಸ್ರೆಲಾ," ಅಂದ್ರಂತ. ಆಕಿ ಒಳಗ ಬಂದು ಅಡಗಿಮನಿ ಬಾಗಲಾ ಹಾಕ್ಕೊಂಡು ಅತ್ತಳು. ಆಮ್ಯಾಲೆ ನನ್ನ ಕೂಡ ಮಾತು ಬಿಟ್ಲು. ಸಹಿ ಮಾಡಿದ್ರ ಆಡತಿದ್ಲೇನೋ, ನಾ ಮಾತ್ರ ಕಡೀ ಅಧ್ಯಾಯದ ಗಡಿಬಿಡಿಯೊಳಗ ಇದ್ದೆ. ಆ ಅಧ್ಯಾಯದ ಹೆಸರು 'ವೃದ್ಧರ ಘನತೆ'.

ಅದರ ಕಡೀ ಪುಟ ಬರಿಯೋ ಮುಂದ ಗಂಗತ್ತಿ ನಡಾ ಬಗ್ಗಿಸಿ, ಕಸಬರಿಗಿ ಹಿಡಕೊಂಡು ನನ್ನ ಮೇಜಿನ ತನಕ ಬಂದ್ಲು.

"ಒಂದೀಟು ಕಾಲು ಎತ್ರಿ, ಅಳಿಯಂದ್ರ."

ಬರಿಯೋದು ನಿಲ್ಲಸದ, ಎರಡೂ ಕಾಲು ಎತ್ತಿದೆ.