ತಲೆ ಮತ್ತು ಬಟ್ಟಲು

"ಮೇಷ್ಟ್ರೇ, ಐದು ಸಾವಿರ ವರ್ಷ ಹಳೇ ಬುದ್ಧಿ, ಹೋದ ವಾರದ ಯಂತ್ರ!" ಎಂದು ಪಕ್ಕದ ಮನೆಯ ಷಡಕ್ಷರಿ ಎದೆಯುಬ್ಬಿಸಿದರು.

ನನ್ನ ಹೆಂಡತಿ ಸರ್ವಮಂಗಳೆಯ ಅರವತ್ತನೇ ಹುಟ್ಟುಹಬ್ಬ. ನೆಂಟರೆಲ್ಲ ನಡುಮನೆಯಲ್ಲಿದ್ದರು. ಅಲ್ಲೇ ಮೂಲೆಯಲ್ಲಿ ಒಲೆ ಹೂಡಿಕೊಂಡು ಅವಳೇ ಒಬ್ಬಟ್ಟು ತಟ್ಟುತ್ತಿದ್ದಳು. ಕೆಲವು ದಿನಗಳಿಂದ ನನ್ನೊಡನೆ ಮಾತು ಬಿಟ್ಟಿದ್ದಳು. ಕಾರಣ ನನಗೆ ಹೊಳೆದಿರಲಿಲ್ಲ. ಅವಳ ಮೇಲೊಂದು ಕವನ ಬರೆದು, ಅದನ್ನು ಷಡಕ್ಷರಿಯವರೇ ಮಾಡಿದ ಈ ಯಂತ್ರದಿಂದ ಪ್ರಾಚೀನ ಸುಮೇರಿಯನ್ನರ ಲಿಪಿಯಲ್ಲಿ ಹಸಿ ಜೇಡಿಮಣ್ಣಿಗೆ ಒತ್ತಿಸಿ ಕೊಟ್ಟರೆ ಕರಗಿಯಾಳು ಎಂದು ನಂಬಿದ್ದೆ.

"ಶುರುವಿನ ಬರಹದಲ್ಲಿ ಕವಿತೆ ಇರಲಿಲ್ಲ ಮೇಷ್ಟ್ರೇ. ಕುರಿ, ಬಾರ್ಲಿ, ಬಿಯರು, ಅಷ್ಟೇ! ಬೆಣೆಯಂಥ ಗೀಟುಗಳೆಲ್ಲ ಆಮೇಲೆ ಬಂದದ್ದು. ನನ್ನ ಯಂತ್ರ ಇನ್ನೂ ಚಿತ್ರದ ಹಂತದಲ್ಲಿದೆ. ಉದ್ದ ಮಾತಾಡಿದ್ರೆ ಸಾರ ಹಿಂಡಿ ಒತ್ತತ್ತೆ."

"ನನ್ನ ಕವನದ ಸಾರ ಅದಕ್ಕೆ ಹಿಡಿಸತ್ತೇನ್ರೀ?" ಎಂದು ಗಂಟಲು ಸರಿಮಾಡಿಕೊಂಡು ಓದಿದೆ. ಚಂದ್ರ, ತಾವರೆ, ಜನ್ಮಜನ್ಮದ ನಂಟು, ಒಂದನ್ನೂ ಬಿಡಲಿಲ್ಲ. ಯಂತ್ರದ ಕೈ ಜೊಂಡಿನ ಕಡ್ಡಿ ಹಿಡಿದು ಎರಡೇ ಗುರುತು ಒತ್ತಿತು: ಒಂದು ತಲೆ, ಅದರ ಬಾಯಿಯ ಮುಂದೊಂದು ಬಟ್ಟಲು!

ಷಡಕ್ಷರಿ ತಲೆ ಕೆರೆದುಕೊಂಡರು. "ಅದು... ಸುಮೇರಿನಲ್ಲಿ... ಊಟ ಅಂತ."

"'ಊಟಕ್ಕೆ ಹಾಕು' ಅಂತ," ಸರ್ವಮಂಗಳೆ ತಿರುಗಿಯೂ ನೋಡಲಿಲ್ಲ. "ಮದುವೆಯಾದಾಗಿನಿಂದ ಕೇಳ್ತಾ ಇದೀನಿ. ನಂಗೆ ಓದಕ್ಕೆ ಬರತ್ತೆ."

ನೆಂಟರು ಗೊಳ್ಳೆಂದರು. ಮಾನ ಉಳಿಸಿಕೊಳ್ಳಲು ಇನ್ನೂ ಜೋರಾಗಿ ಓದಿದೆ. ಮತ್ತೆ ತಲೆ, ಬಟ್ಟಲು! ತಲೆ, ಬಟ್ಟಲು! ಮಣ್ಣು ಮುಗಿಯಿತು. ಕೈ ಸೀದಾ ಒಬ್ಬಟ್ಟಿನ ಕಣಕಕ್ಕೆ ಚಾಚಿತು. ಬೆಣ್ಣೆಗೆ ಒತ್ತಿತು. ನನ್ನ ಭಾವನ ಹಣೆಯ ಗಂಧಕ್ಕೂ ಒತ್ತಿತು!

"ನಿಲ್ಸೋ ಗುಂಡಿ ಎಲ್ರೀ?"

"ಇಟ್ಟೇ ಇಲ್ಲ ಮೇಷ್ಟ್ರೇ! ಬರಹ ನಿಲ್ಲಬಾರದು ಅಂತ!"

ಕಾವಲಿಯ ಮೇಲೆ ನನ್ನ ಕವನದ ಸಾರ ಕೆಂಪಗೆ ಬೇಯುತ್ತಿತ್ತು. ನೆಂಟರೆಲ್ಲ ಅದನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡು ತಿಂದರು. ನಾಚಿಕೆಯಿಂದ ನನಗೆ ಯಾರ ಮುಖವನ್ನೂ ನೋಡಲಾಗಲಿಲ್ಲ.

ಸರ್ವಮಂಗಳೆ ಸೌಟು ಕೆಳಗಿಟ್ಟು, ಕೈ ತೊಳೆದು, ಎಲೆ ಹಾಕಿಕೊಂಡು ಕೂತಳು.

"ಹಸಿವು ನಂಗೂ ಆಗತ್ತೆ," ಎಂದಳು.

ಯಂತ್ರ ಗಕ್ಕನೆ ನಿಂತಿತು. ಉಳಿದಿದ್ದ ಕೊನೆಯ ಹಸಿ ಒಬ್ಬಟ್ಟಿಗೆ ಮೆಲ್ಲಗೆ ಒತ್ತಿತು: ಬಟ್ಟಲು ಅದೇ, ತಲೆಗೆ ಮಾತ್ರ ತುರುಬು!

ನಾನೇ ಅದನ್ನು ಸೀಯಿಸದೆ ಬೇಯಿಸಿ, ಅವಳ ಎಲೆಗೆ ಬಡಿಸಿದೆ.

"ತುಪ್ಪ?" ಎಂದಳು.

ಅಡುಗೆಮನೆಗೆ ಓಡಿದೆ. ಅರ್ಧ ಗಂಟೆಯಿಂದ ಇಲ್ಲೇ ಇದ್ದೇನೆ. ತುಪ್ಪ ಎಲ್ಲಿಡುತ್ತಾಳೆಂದು ಕೇಳಲು ನಾಚಿಕೆ.