ಕೆಡದೇ ಇದ್ದ ಪಿಸ್ತೂಲಿನ ರಿಪೇರಿ

ನಮ್ಮ ಮನೆಯವರಿಗೆ ಒಂದು ವಿಚಿತ್ರ ಕಾಯಿಲೆ. ಯಾವುದಾದರೂ ವಸ್ತು ಸರಿಯಾಗಿ ಕೆಲಸ ಮಾಡ್ತಿದೆ ಅಂತ ಗೊತ್ತಾದರೆ ಸಾಕು, ಅದನ್ನ ಬಿಚ್ಚೋವರೆಗೂ ಸಮಾಧಾನ ಇಲ್ಲ. ಮಿಕ್ಸಿ ಆಯ್ತು, ವ್ಯಾಕ್ಯೂಮ್ ಆಯ್ತು, ಗರಾಜ್ ಬಾಗಿಲೂ ಆಯ್ತು. ಗ್ರೀನ್ ಕಾರ್ಡ್ ಬಂದ ವರ್ಷ ಆಫೀಸಿನ ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಂದರು. ಮುಂದಿನ ತಿಂಗಳು ಕ್ಯಾರಿ ಅನ್ನೋ ಊರಿನ ನಮ್ಮ ಮನೆಗೆ ಒಂದು ಪಿಸ್ತೂಲು ಬಂತು, ಅದರ ಹಿಂದೆಯೇ ಅದನ್ನಿಡೋಕೆ ಕಬ್ಬಿಣದ ಪೆಟ್ಟಿಗೆ ಬಂತು. ಆಮೇಲೆ ನಡೆದದ್ದರಲ್ಲಿ ಅರ್ಧ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಅರ್ಥ ಆದಷ್ಟು ಹೇಳ್ತೀನಿ.

ಡಬಲ್ ಆ್ಯಕ್ಷನ್

"ಇದು ಡಬಲ್ ಆ್ಯಕ್ಷನ್ ಕಣೇ," ಅಂದರು ಹೆಮ್ಮೆಯಿಂದ.

"ಅಂದ್ರೆ? ಸಿನಿಮಾದಲ್ಲಿ ಅಣ್ಣ ತಮ್ಮ ಎರಡೂ ಒಬ್ಬನೇ ಮಾಡ್ತಾನಲ್ಲ, ಹಾಗಾ?"

ಅವರು ತಲೆ ಚಚ್ಚಿಕೊಂಡು ವಿವರಿಸಿದರು. ಹಿಂದುಗಡೆ ಒಂದು ಪುಟ್ಟ ಸುತ್ತಿಗೆ ಇರುತ್ತಂತೆ. ಮೊದಲನೇ ಗುಂಡಿಗೆ ಟ್ರಿಗರ್ ಗಟ್ಟಿಯಾಗಿ, ಉದ್ದಕ್ಕೆ ಎಳೀಬೇಕಂತೆ. ಆಗ ಆ ಸುತ್ತಿಗೆ ತಾನೇ ಹಿಂದಕ್ಕೆ ಹೋಗಿ, ತಾನೇ ಮುಂದಕ್ಕೆ ಬಂದು ಬಡಿಯುತ್ತಂತೆ. ಎರಡನೇ ಗುಂಡಿನಿಂದ ಬೆರಳು ತಾಗಿಸಿದರೆ ಸಾಕಂತೆ.

"ನಿಮ್ಮನ್ನ ಬೆಳಗ್ಗೆ ಎಬ್ಬಿಸಿದ ಹಾಗೆ," ಅಂದೆ. "ಮೊದಲನೇ ಸಲ ಯಾಕೆ ಅಷ್ಟು ಗಟ್ಟಿ?"

"ಅದೇ ಸೇಫ್ಟಿ. ಅದಕ್ಕೇ ಇದನ್ನ ತಗೊಂಡಿದ್ದು."

"ಸರಿ. ಈಗ ಲ್ಯಾಪ್‌ಟಾಪ್‌ನಲ್ಲಿ ಏನು ನೋಡ್ತಿದೀರಾ?"

"ಮೊದಲನೇ ಸಲ ತುಂಬಾ ಗಟ್ಟಿ ಇದೆ. ಹಗುರ ಮಾಡೋ ಸ್ಪ್ರಿಂಗ್ ಆರ್ಡರ್ ಮಾಡ್ತಿದೀನಿ."

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. "ಗಟ್ಟಿ ಇದೆ ಅಂತ ತಗೊಂಡ್ರಿ. ಗಟ್ಟಿ ಇದೆ ಅಂತ ಬದಲಾಯಿಸ್ತಿದೀರಿ. ಹೌದಾ?"

ಅವರೂ ಬೆರಳು ಮಡಚಿ ನೋಡಿದರು. "ನಿನಗೆ ಅರ್ಥ ಆಗಲ್ಲ ಬಿಡು," ಅಂದರು.

ಅರ್ಥ ಆಗದೇ ಇದ್ದದ್ದು ನಮ್ಮಿಬ್ಬರಲ್ಲಿ ಯಾರಿಗೆ ಅಂತ ಇನ್ನೂ ತೀರ್ಮಾನ ಆಗಿಲ್ಲ.

ವಿಶೇಷಾಂಕ

ಪಿಸ್ತೂಲಿನ ವಿಷಯ ಮೈಸೂರಿನಲ್ಲಿದ್ದ ನಮ್ಮ ಅತ್ತೆಗೆ ಹೇಳಿರಲಿಲ್ಲ. ಹೇಳಿದ್ದರೆ ಮುಂದಿನ ವಿಮಾನಕ್ಕೇ ಹತ್ತಿ ಬಂದು ಮಗನ ಕಿವಿ ಹಿಂಡುತ್ತಿದ್ದರು. ಒಂದು ಭಾನುವಾರ ಅವರ ಜೊತೆ ವಿಡಿಯೋ ಕಾಲ್‌ನಲ್ಲಿ ಇರುವಾಗಲೇ ಪಾರ್ಸೆಲ್ ಬಂತು. ಗುಂಡು ತುಂಬೋ ಡಬ್ಬಿಗಳು, ಇವರ ಭಾಷೆಯಲ್ಲಿ ಮ್ಯಾಗಜಿನ್. ಖುಷಿಯಲ್ಲಿ ಇವರ ಬಾಯಿಂದ ಜಾರಿಯೇ ಹೋಯ್ತು: "ಹಾ, ಎರಡು ಎಕ್ಸ್‌ಟ್ರಾ ಮ್ಯಾಗಜಿನ್ ಬಂತು!"

"ಓದಿದ ಮೇಲೆ ಎಸೀಬೇಡ ಕಣೋ," ಅಂದರು ಅತ್ತೆ. "ನಾನು ಬಂದಾಗ ಓದ್ತೀನಿ. ವಿಶೇಷಾಂಕಾನಾ?"

ಇವರು ಬೆವರುತ್ತಾ, "ಹೂಂ, ಹಾಗೇ ಅನ್ಕೋಮ್ಮ."

"ಎಷ್ಟು ಪುಟ?"

ಇವರ ಕಣ್ಣು ಡಬ್ಬಿಯ ಮೇಲೆ ಬರೆದಿದ್ದ ಗುಂಡಿನ ಲೆಕ್ಕದ ಮೇಲೇ ಇತ್ತು. "ಹದಿನೈದು."

"ಹದಿನೈದೇ? ವಿಶೇಷಾಂಕಕ್ಕಾ? ಅಡುಗೆ ಪುಟ ಇದ್ಯಾ?"

ಅಷ್ಟರಲ್ಲಿ ನಮ್ಮ ಮಗಳು ಬಂದು ಡಬ್ಬಿಯೊಳಗೆ ಇಣುಕಿ, ಇಲ್ಲಿ ಹುಟ್ಟಿದ ಮಕ್ಕಳ ಕನ್ನಡದಲ್ಲಿ ಸತ್ಯ ಹೇಳಿಬಿಟ್ಟಳು. "ಇಲ್ಲ ಅಜ್ಜಿ, ಒಳಗೆ ನಥಿಂಗ್. ಫುಲ್ ಖಾಲಿ."

ಅತ್ತೆ ನನ್ನನ್ನ ಕರೆದು ಮೆಲ್ಲಗೆ ಹೇಳಿದರು. "ಅವನಿಗೆ ಯಾರೋ ಮೋಸ ಮಾಡಿದಾರೆ ಕಣಮ್ಮ. ಅದು ಮ್ಯಾಗಜಿನ್ ಅಲ್ಲ, ನೋಟ್‌ಬುಕ್ಕು."

ಪೆನ್ನಿನ ಸ್ಪ್ರಿಂಗ್

ಒಂದು ಶನಿವಾರ ಎಲಿಕಾಟ್ ಸಿಟಿಯಿಂದ ಪರಿಚಯದ ಅಂಕಲ್ ಆಂಟಿ ಊಟಕ್ಕೆ ಬರೋರಿದ್ದರು. ಪಾಪ, ಐದು ಗಂಟೆ ಡ್ರೈವ್ ಮಾಡಿಕೊಂಡು. ನಾನು ಬಿಸಿಬೇಳೆಬಾತಿಗೆ ಒಗ್ಗರಣೆ ಹಾಕ್ತಿದ್ದೆ. ಇವರು ಡೈನಿಂಗ್ ಟೇಬಲ್ ಮೇಲೆ ಬಟ್ಟೆ ಹಾಸಿ ಪಿಸ್ತೂಲು ಬಿಚ್ಚಿ ಒರೆಸ್ತಿದ್ದರು. "ಟಣ್" ಅಂತ ಸದ್ದಾಯ್ತು. ಏನೋ ಹಾರಿ ನನ್ನ ಕಿವಿ ಪಕ್ಕದಿಂದ ಹಾಲ್ ಕಡೆ ಹೋಯ್ತು.

"ಸ್ಪ್ರಿಂಗು!" ಅಂತ ಇವರು ನಾಲ್ಕು ಕಾಲಿನ ಮೇಲೆ ಓಡಿದರು. ಆಗಲೇ ಬಾಗಿಲ ಬೆಲ್ ಆಯ್ತು. ನಾನು ಟೇಬಲ್ ಮೇಲಿದ್ದದ್ದನ್ನೆಲ್ಲ ಬಟ್ಟೆ ಸಮೇತ ಎತ್ತಿ ಪೆಟ್ಟಿಗೆಗೆ ಹಾಕಿ ಬೀಗ ಒತ್ತಿ ಬಾಗಿಲು ತೆಗೆದೆ.

ಒಳಗೆ ಬಂದ ಅಂಕಲ್‌ಗೆ ಕಂಡದ್ದು ಸೋಫಾ ಕೆಳಗಿಂದ ಹೊರಗೆ ಚಾಚಿದ್ದ ಇವರ ಎರಡು ಪಾದ. "ಏನಪ್ಪಾ ಕಳ್ಕೊಂಡೆ?"

"ಸ್ಪ್ರಿಂಗ್ ಅಂಕಲ್," ಅಂತು ಸೋಫಾ.

"ಯಾವುದರದ್ದು?"

ಮನೇಲಿ ಪಿಸ್ತೂಲಿದೆ ಅಂದರೆ ಆಂಟಿ ಚಪ್ಪಲಿ ಕೂಡ ಬಿಡದೆ ವಾಪಸ್ ಹೋಗ್ತಾರೆ. "ಪೆ... ಪೆನ್ನಿಂದು," ಅಂತು ಮತ್ತೆ ಸೋಫಾ.

ಅಂಕಲ್ ತುಂಬಾ ಒಳ್ಳೆಯವರು. ಕೋಟು ಬಿಚ್ಚಿ ನೆಲಕ್ಕೆ ಬಿದ್ದರು. ಆಂಟಿ ಸೀರೆ ಎತ್ತಿ ಸಿಕ್ಕಿಸಿ ಪರದೆ ಹಿಂದೆ ಹೋದರು. ಪೆನ್ನಿನ ಸ್ಪ್ರಿಂಗಿಗಾಗಿ ಮನೆಯವರೆಲ್ಲ ಅಂಗಾತ, ಬೋರಲು ಬಿದ್ದು ಹುಡುಕಿದ್ದೇ ಹುಡುಕಿದ್ದು. ಬಿಸಿಬೇಳೆಬಾತು ಆರಿಹೋಯ್ತು. ಕೊನೆಗೆ ಅಂಕಲ್ ಸೋತು, ಜೇಬಿನಿಂದ ತಮ್ಮ ಪೆನ್ನು ತೆಗೆದು, "ತಗೋಪ್ಪಾ, ಪೆನ್ನೇ ಇಟ್ಕೊ. ಊಟ ಮಾಡೋಣ," ಅಂದರು.

"ಸಿಕ್ತು!" ಅಂತ ಕೂಗಿದರು ಆಂಟಿ, ತುಳಸಿ ಕುಂಡದ ಹಿಂದಿನಿಂದ. ಅವರ ಕೈಯಲ್ಲಿ ಬೆರಳುದ್ದದ ದಪ್ಪ ಉಕ್ಕಿನ ಸ್ಪ್ರಿಂಗ್. ಅಂಕಲ್ ಅದನ್ನ ತಿರುಗಿಸಿ ತಿರುಗಿಸಿ ನೋಡಿದರು. ತಮ್ಮ ಪೆನ್ನು ನೋಡಿದರು. ಮತ್ತೆ ಸ್ಪ್ರಿಂಗ್ ನೋಡಿದರು.

"ಅಲ್ಲಪ್ಪಾ, ಇದರಲ್ಲಿ ನೀನು ಏನು ಬರೀತೀಯ?"

ಉಳಿದದ್ದು

ಆ ಸ್ಪ್ರಿಂಗ್ ಹಾರಿದ ಮೇಲೆ ಇವರು ಕೆಲಸವನ್ನ ಊರಾಚೆಯ ಒಬ್ಬ ಮುದುಕನಿಗೆ ಒಪ್ಪಿಸಿದರು. ಬಂದೂಕು ರಿಪೇರಿಯವನು, ಬಿಳಿ ಗಡ್ಡ, ಮಾತು ಬೆಲ್ಲದ ಪಾಕದಷ್ಟು ನಿಧಾನ. ಪಿಸ್ತೂಲು ವಾಪಸ್ ತರೋಕೆ ನಾನೂ ಹೋಗಿದ್ದೆ. ಅವನು ಪಿಸ್ತೂಲಿನ ಪಕ್ಕ ಒಂದು ಪ್ಲಾಸ್ಟಿಕ್ ಚೀಲ ಇಟ್ಟ. ಬಿಚ್ಚಿದ ಹಳೇ ಸಾಮಾನುಗಳಂತೆ. ಚೀಲವೇ ಪಿಸ್ತೂಲಿಗಿಂತ ಭಾರ ಇದ್ದ ಹಾಗಿತ್ತು.

ಹಿಡಿ ಹೊಸದು, ಗುರಿ ನೋಡೋ ಕಡ್ಡಿ ಹೊಸದು, ಟ್ರಿಗರ್ ಹೊಸದು, ಸ್ಪ್ರಿಂಗ್‌ಗಳೆಲ್ಲ ಹೊಸವು. ನನಗೆ ತಲೆ ತಿರುಗಿ, "ಸರ್, ನಾವು ತಗೊಂಡ ಪಿಸ್ತೂಲು ಇದರಲ್ಲಿ ಯಾವುದು? ಮೇಜಿನ ಮೇಲಿರೋದಾ, ಚೀಲದಲ್ಲಿರೋದಾ?" ಅಂತ ಇಂಗ್ಲಿಷಿನಲ್ಲಿ ಕೇಳಿದೆ.

ಅವನು ಗಡ್ಡ ನೀವಿಕೊಂಡು ಎರಡನ್ನೂ ನೋಡಿದ. "ಮ್ಯಾಮ್, ಬೆಳಗ್ಗೆಯಿಂದ ನಾನೂ ಅದನ್ನೇ ಯೋಚಿಸ್ತಿದ್ದೆ," ಅಂದ.

ಅತ್ತೆಯ ತೀರ್ಪು

ಕಳೆದ ಬೇಸಿಗೆ ಅತ್ತೆ ಮಾವ ಬಂದರು. ಪಿಸ್ತೂಲಿನ ಗುಟ್ಟು ಎರಡನೇ ದಿನವೇ ಒಡೆಯಿತು. ಅತ್ತೆ ಕುಸಿದು ಕೂತರು. "ನಮ್ಮ ವಂಶದಲ್ಲಿ ಸುರುಸುರುಬತ್ತಿ ಹಚ್ಚೋಕೂ ಕೈ ನಡುಗುತ್ತೆ. ಅದು ಮನೇಲಿದ್ರೆ ನಾನಿರಲ್ಲ. ಟಿಕೆಟ್ ಬದಲಾಯಿಸು."

ಸೋಫಾದ ಮೇಲೆ ಮಲಗಿದ್ದ ಮಾವನವರಿಗೆ ತಮ್ಮದೇ ಗೊರಕೆಯ ಸದ್ದಿನಲ್ಲಿ ಇದ್ಯಾವುದೂ ಕೇಳಿಸಲಿಲ್ಲ. ಇವರು ಕಂಗಾಲಾದರು. ಎರಡು ದಿನ ಅತ್ತೆ ಇವರ ಜೊತೆ ಮಾತೂ ಬಿಟ್ಟರು. ಕೊನೆಗೆ ಇವರು, "ಅಮ್ಮ, ಶನಿವಾರ ಶೂಟಿಂಗ್ ಕ್ಲಬ್ಬಲ್ಲಿ ನನ್ನ ಮೊದಲನೇ ಮ್ಯಾಚು. ಬಂದು ನೋಡು. ಎಷ್ಟು ಶಿಸ್ತಾಗಿ ನಡೆಯುತ್ತೆ ಅಂತ ಗೊತ್ತಾಗುತ್ತೆ. ಆಮೇಲೂ ಬೇಡ ಅಂದ್ರೆ ಮಾರಿಬಿಡ್ತೀನಿ," ಅಂದರು. ಅತ್ತೆ ಒಪ್ಪಿದರು.

ಅಮ್ಮನ ಮುಂದೆ ಮಿಂಚಬೇಕಲ್ಲ. ಶುಕ್ರವಾರ ಇವರೇ ಕೂತು ಸುತ್ತಿಗೆಗೆ ಇನ್ನೂ ಹಗುರವಾದ ಸ್ಪ್ರಿಂಗ್ ಹಾಕಿಕೊಂಡರು. "ಬೆಣ್ಣೆ ಕಣೇ, ಬೆಣ್ಣೆ," ಅಂದರು. ಅಷ್ಟು ಹೊತ್ತಿಗೆ ನಾನು ಪ್ರಶ್ನೆ ಕೇಳೋದು ನಿಲ್ಲಿಸಿದ್ದೆ.

ಶನಿವಾರ ಅತ್ತೆ ಕಿವಿಗೆ ಹತ್ತಿ ತುರುಕಿ, ಅದರ ಮೇಲೆ ಕ್ಲಬ್ಬಿನವರು ಕೊಟ್ಟ ದಪ್ಪ ಕಿವಿಮುಚ್ಚಿ ಹಾಕಿ, ಪ್ಲಾಸ್ಟಿಕ್ ಕನ್ನಡಕ ತೊಟ್ಟು, ಬೇಲಿಯಾಚೆ ಬೆಂಚಿನ ಮೇಲೆ ರಾಮರಾಮ ಅಂತ ಕೂತರು. ಬೇರೆಯವರ ಸರದಿ. ಢಂ! ಢಂ! ಒಂದೊಂದು ಗುಂಡಿಗೂ ಅತ್ತೆ ಬೆಂಚಿನಿಂದ ಅರ್ಧ ಅಡಿ ಮೇಲೇಳೋರು, ಟಿಕೆಟ್ ಟಿಕೆಟ್ ಅಂತ ನನ್ನ ತೊಡೆ ಹಿಂಡೋರು. ಟಿಕೆಟ್ ಖಚಿತ ಅಂತ ನಾನೂ ಅಂದುಕೊಂಡೆ.

ಇವರ ಸರದಿ ಬಂತು. ಕಾಲು ಅಗಲಿಸಿ ನಿಂತರು. ಶುರುಮಾಡಿ ಅಂತ ಬೀಪ್ ಆಯ್ತು. ಟ್ರಿಗರ್ ಎಳೆದರು.

ಟಿಕ್.

ಹಾರದ ಆ ಗುಂಡನ್ನ ಕೆಳಗೆ ಬೀಳಿಸಿ ಮತ್ತೆ ಎಳೆದರು. ಟಿಕ್. ಇನ್ನೊಂದು. ಟಿಕ್. ಸುತ್ತಿಗೆ ಎಷ್ಟು ಹಗುರ ಆಗಿತ್ತೆಂದರೆ ಗುಂಡಿನ ಬೆನ್ನು ಸವರಿ ಬರ್ತಿತ್ತು, ಅಷ್ಟೆ. ಹೊಡೆಯದೇ ಇದ್ದ ಗುಂಡುಗಳು ಕಾಲ ಬುಡದಲ್ಲಿ ಹುಣಸೆಬೀಜದ ಹಾಗೆ ಉದುರಿಬಿದ್ದಿದ್ದವು. ಗುರಿಹಲಗೆ ತೊಳೆದಿಟ್ಟ ತಟ್ಟೆಯಂತಿತ್ತು. ಅಂಪೈರ್ ಇವರ ಹೆಗಲ ಮೇಲೆ ಕೈಯಿಟ್ಟು, ಪಿಸ್ತೂಲು ಖಾಲಿ ಮಾಡಿಸಿ, ಮೆಲ್ಲಗೆ ಏನೋ ಸಮಾಧಾನ ಹೇಳಿದ. ಇವರ ಮುಖ ನೋಡೋಕಾಗ್ತಿರಲಿಲ್ಲ.

ಅತ್ತೆ ಕಿವಿಮುಚ್ಚಿ ತೆಗೆದರು. ಹತ್ತಿಯನ್ನೂ ತೆಗೆದರು. ಅವರ ಕಣ್ಣಲ್ಲಿ ನೀರು. ಎದ್ದು ನಿಂತು ಚಪ್ಪಾಳೆ ತಟ್ಟಿದರು!

"ನೋಡಿದ್ಯೇನೇ ನನ್ನ ಮಗನ್ನ? ಇವರೆಲ್ಲ ಊರು ಹಾರೋ ಹಾಗೆ ಸದ್ದು ಮಾಡಿದ್ರು. ಇವನು ಒಂಚೂರೂ ಸದ್ದು ಬರದ ಹಾಗೆ ಹೊಡೆದ!"

ನಾನು ಬಾಯಿ ತೆರೆದೆ. ಇವರು ದೂರದಿಂದಲೇ ಬೇಡ ಬೇಡ ಅಂತ ಕಣ್ಣಲ್ಲೇ ಬೇಡಿಕೊಂಡರು. ಮುಚ್ಚಿಕೊಂಡೆ.

ಕಾರಿನಲ್ಲಿ ಅತ್ತೆ ಹಿಂದಿನ ಸೀಟಿನಿಂದ ಮಗನ ಹೆಗಲು ತಟ್ಟಿದರು. "ಇಷ್ಟು ಸಾಧು ಪಿಸ್ತೂಲು ಅಂತ ಮೊದಲೇ ಹೇಳೋದಲ್ವೇನೋ? ಇಟ್ಕೊ, ನನಗೇನೂ ಭಯ ಇಲ್ಲ. ಟಿಕೆಟ್ಟೂ ಬದಲಾಯಿಸಬೇಡ. ಏನು ಮಾಡ್ಸಿದೆಯೋ ಅದಕ್ಕೆ?"

"ಸ್ಪ್ರಿಂಗ್ ಬದಲಾಯಿಸಿದೆ ಅಮ್ಮ," ಅಂದರು ಇವರು, ರಸ್ತೆಯಿಂದ ಕಣ್ಣು ತೆಗೆಯದೆ.

ಅತ್ತೆ ಮುಂದಕ್ಕೆ ಬಾಗಿ, ತುಂಬಾ ಆಸೆಯಿಂದ ಕೇಳಿದರು.

"ಅಂಥದ್ದೇ ಒಂದು ನಿಮ್ಮಪ್ಪನ ಮೂಗಿಗೂ ಸಿಗುತ್ತೇನೋ?"